ನಲವತ್ತೊಂದನೆಯ ಪುಟ

ಬ್ರಸೆಲ್ಸ್, ಮಾತೊಂಗೆ ಕೇರಿ
ಮಂಗಳವಾರ, 12 ಮಾರ್ಚ್ 2019

ಪ್ರೀತಿಯ ನ್ಸೂಜಿ ಅಕ್ಕಾ,

ಆರೋಗ್ಯ ಹೇಗಿದೆ? ರಕ್ತದೊತ್ತಡದ ಮಾತ್ರೆಯನ್ನು ದಿನವೂ ನುಂಗುತ್ತಿದ್ದೀಯೋ, ಇಲ್ಲ ಮೊದಲಿನ ಹಾಗೆ ತಲೆ ತಿರುಗಿದಾಗ ಮಾತ್ರವೋ? ಹೋದ ಭಾನುವಾರ ಫೋನಿನಲ್ಲಿ ಮಾತಾಡುವಾಗ ನೀನು ನಾಲ್ಕು ಸಲ ಕೆಮ್ಮಿದೆ. ನಾನು ಎಣಿಸಿದೆ. ಕೇಳಿದರೆ "ಇದ್ದಿಲ ಹೊಗೆ ಕಣೋ, ಸುಮ್ನಿರು" ಎಂದುಬಿಟ್ಟೆ. ಹೊಗೆಯಾದರೆ ಒಲೆಯನ್ನು ಅಂಗಳಕ್ಕೆ ಇಡು. ಅಡುಗೆಮನೆಯ ಹಿಂದಿನ ಕೊರಕಲು ಈಗ ಎಷ್ಟು ಹತ್ತಿರ ಬಂದಿದೆ? ಹೋದ ಮಳೆಗಾಲದಲ್ಲಿ ಹನ್ನೊಂದು ಹೆಜ್ಜೆ ದೂರ ಎಂದಿದ್ದೆ. ನಮ್ಮ ಸೆಲೆಂಬಾವೊ ಗುಡ್ಡದ ಮರಳು ಯಾರ ಮಾತೂ ಕೇಳುವುದಿಲ್ಲ. ನಿನ್ನ ಮಗಳು ಮಕಿಯೆಸೆಯನ್ನು ಆ ಕಡೆ ಆಡಲು ಬಿಡಬೇಡ. ನೀರಿನ ಡ್ರಮ್ಮನ್ನು ನೀನೊಬ್ಬಳೇ ಎತ್ತಬೇಡ. ಇಲ್ಲಿ ಕೂತು ಇದನ್ನೆಲ್ಲ ಹೇಳಿ ಏನು ಪ್ರಯೋಜನ ಎಂದು ನೀನು ನಗುತ್ತೀಯ, ಗೊತ್ತು. ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ, ಅದಕ್ಕೆ ಹೇಳುತ್ತೇನೆ.

ನಾನು ಚೆನ್ನಾಗಿದ್ದೇನೆ. ಒಂದು ದವಡೆ ಹಲ್ಲು ನೋಯುತ್ತದೆ, ಅಷ್ಟೇ. ಚಳಿ ಇನ್ನೂ ಬಿಟ್ಟಿಲ್ಲ, ಬೆಳಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ. ಮಡಚದ ಬೆರಳಿನಿಂದ ಕುಂಚ ಹಿಡಿದರೆ ಗೆರೆ ನಡುಗುತ್ತದೆ, ಗೆರೆ ನಡುಗಿದರೆ ಕ್ಷೌರದಂಗಡಿಯವರು ಬಯ್ಯುತ್ತಾರೆ. ಈ ಕೇರಿಯ ಜಡೆ ಹೆಣೆಯುವ ಅಂಗಡಿಗಳ ಬೋರ್ಡಿನ ಮೇಲಿರುವ ತಲೆಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯವು. ಬೆಳಗ್ಗೆ ಆ ಕೆಲಸ, ಮಧ್ಯಾಹ್ನ ಕಿಟಕಿಯ ಪಕ್ಕದ ಮೇಜಿನಲ್ಲಿ ಚೌಕ ಚೌಕವಾಗಿ ಬಿಡಿಸುವ ನನ್ನ ಚಿತ್ರಕಥೆ, ಭಾನುವಾರ ರೈಲು ನಿಲ್ದಾಣದ ಸಂತೆಯಲ್ಲಿ ಕೂತು ಬಂದವರ ಮುಖ ಬಿಡಿಸುವುದು. ನಗಿಸು ಎಂದು ಕೇಳಿ ಕೂರುತ್ತಾರೆ, ಮೂಗು ಸ್ವಲ್ಪ ದೊಡ್ಡದಾದರೆ ಮುಖ ಗಂಟಿಕ್ಕುತ್ತಾರೆ. ಹೋದ ವಾರ ಒಬ್ಬ ಮುದುಕ, "ಇದು ನಾನಲ್ಲ, ನಮ್ಮಣ್ಣ" ಎಂದು ಹಟ ಮಾಡಿದ. ಆಮೇಲೆ ಅಣ್ಣನಿಗೆ ಕೊಡ್ತೀನಿ ಎಂದು ಅದನ್ನೇ ಸುತ್ತಿಕೊಂಡು ಹೋದ. ಇದನ್ನೆಲ್ಲ ಬರೆಯುತ್ತಿರುವುದು ಹೇಳಬೇಕಾದ್ದನ್ನು ಮುಂದೆ ತಳ್ಳುವುದಕ್ಕೆ. ಮೂರು ಸಲ ಫೋನ್ ಮಾಡಿದೆ ಅಕ್ಕಾ, ಮೂರು ಸಲವೂ ನಿನ್ನ ದನಿ ಕೇಳಿ ಚಳಿಯ ವಿಷಯ ಮಾತಾಡಿ ಇಟ್ಟೆ. ಅದಕ್ಕೇ ಈ ಕಾಗದ. ಗುರುವಾರ ಕಿನ್ಶಾಸಾಕ್ಕೆ ಹೊರಟಿರುವ ಪಾಸ್ಟರ್ ಮಯಾಲಾ ತಮ್ಮ ಪೆಟ್ಟಿಗೆಯಲ್ಲಿ ತರುತ್ತಾರೆ. ಅವರು ಇನ್ನೊಬ್ಬರ ಕಾಗದ ಒಡೆದು ನೋಡುವವರಲ್ಲ. ಆದರೂ ಅಂಟು ಎರಡು ಸಲ ಹಾಕುತ್ತೇನೆ.

ವಿಷಯ ನನ್ನ ಪುಸ್ತಕದ್ದು. ನಿಮ್ಮಿಬ್ಬರ ಕಥೆ ಬರೆಯುತ್ತಿದ್ದೇನೆ, ನಿನ್ನದೂ ನ್ಸಿಂಬಾಳದೂ, ಎಂದು ಎರಡು ವರ್ಷದ ಹಿಂದೆ ಹೇಳಿದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ. "ಇಬ್ರನ್ನೂ ಒಂದೇ ಎತ್ತರ ಬರ್ದಿದೀಯ ತಾನೇ? ಒಬ್ಳಿಗೆ ಜಾಸ್ತಿ, ಒಬ್ಳಿಗೆ ಕಮ್ಮಿ ಮಾಡ್ಬೇಡಪ್ಪ, ಅವಳಿಗಳಿಗೆ ಸಿಟ್ಟು ಬರುತ್ತೆ." ಒಂದೇ ಎತ್ತರ ಬರೆದಿದ್ದೇನೆ ಅಕ್ಕಾ. ಒಬ್ಬಳಿಗೆ ಮೊಟ್ಟೆ ಕೊಟ್ಟ ಚೌಕದಲ್ಲಿ ಇನ್ನೊಬ್ಬಳಿಗೂ ಕೊಟ್ಟಿದ್ದೇನೆ. ಅಮ್ಮ ಶಾಲೆಗೆ ಕಳಿಸುವಾಗಲೂ ಹಾಗೇ ಮಾಡಿದಳಲ್ಲ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬೇಕು ಎಂದು. ನಿಮ್ಮ ಬೆನ್ನಿಗೆ ಹುಟ್ಟಿದ ನನ್ನ ಸರದಿ ಬಂದಾಗ ಓದು ಐದನೇ ತರಗತಿಗೇ ನಿಂತಿತು. ದೂರುತ್ತಿಲ್ಲ. ನನ್ನ ಹೆಸರೇ ಅದು, ಲಾಂಡು, ಅವಳಿಗಳ ಹಿಂದೆ ಬಂದವನು. ಹಿಂದೆ ಬಂದವನಿಗೆ ಎಲ್ಲಾದರೂ ಒಂದು ಕಡೆ ಮುಂದೆ ನಿಲ್ಲುವ ಆಸೆ ಇರುತ್ತದೆ ಎಂದು ಮಾತ್ರ ಹೇಳಿದೆ. ಇದನ್ನು ನೆಪ ಎಂದೂ ಓದಿಕೊಳ್ಳಬಹುದು.

ಪುಸ್ತಕ ಮಾಡಿಸಿದವರು ಮದಾಂ ಗೊದೆಲೀವ್. ಎಪ್ಪತ್ತು ದಾಟಿದವರು, ಬಲು ಒಳ್ಳೆಯವರು, ಕೆಂಪು ಪೆನ್ಸಿಲ್ ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಇರುತ್ತಾರೆ. ನನ್ನ ಫ್ರೆಂಚ್ ಕಾಗುಣಿತ ನಿನಗೆ ಗೊತ್ತು. ಒಂದೊಂದು ಮಾತಿನ ಗುಳ್ಳೆಯಲ್ಲೂ ಎರಡೆರಡು ತಪ್ಪು. ಅವರು ಒಂದನ್ನೂ ಬಿಡದೆ ತಿದ್ದುತ್ತಾರೆ. ಚಿತ್ರದಲ್ಲಿ ಸುಳ್ಳಿದ್ದರೆ ಮಾತ್ರ ಅವರಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಕೆಂಪು ಪೆನ್ಸಿಲ್ ಇಲ್ಲ. ನಲವತ್ತೊಂದನೆಯ ಪುಟವನ್ನು ನಾನು ಖಾಲಿ ಬಿಟ್ಟಿದ್ದೆ. ಆ ದಿನದ ಪುಟ ಅದು. ನಲವತ್ತರಲ್ಲಿ ನ್ಸಿಂಬಾ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಮಲಗಿದ್ದಾಳೆ, ನಲವತ್ತೆರಡರಲ್ಲಿ ನೀನು ಒಬ್ಬಳೇ ಮೊಟ್ಟೆ ತಿನ್ನುತ್ತಿದ್ದೀಯ. ನಡುವೆ ಬಿಳಿ ಹಾಳೆ. ಮೇಜಿನ ಆಚೆಯಿಂದ ಅವರು ಕೇಳಿದರು, "ಲಾಂಡು, ಇದ್ಯಾಕೆ ಖಾಲಿ? ಮರೆತ್ರಾ?"

ನಮ್ಮಲ್ಲಿ ಅವಳಿಗಳು ಸಾಯುವುದಿಲ್ಲ ಮದಾಂ, ಎಂದೆ. ಒಬ್ಬಳು ಹೋದರೆ ಸೌದೆ ತರಲು ಹೋಗಿದ್ದಾಳೆ ಅನ್ನಬೇಕು, ಸತ್ತಳು ಅಂದರೆ ಉಳಿದವಳೂ ಹೊರಟುಬಿಡುತ್ತಾಳೆ. ಹಾಗಾಗಿ ಆ ದಿನದ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಸತ್ಳು ಅಂತ ಬರೀಬೇಡಿ, ಸರಿ. ಆದ್ರೆ ಆಸ್ಪತ್ರೆಗೆ ಹೇಗೆ ಹೋದ್ಲು? ಓದೋರು ಯಾರ ಕೈ ಹಿಡ್ಕೊಂಡು ಈ ಪುಟ ದಾಟ್ಬೇಕು? ತಮ್ಮ ಎಲ್ಲಿದ್ದ ಆಗ?"

"ಅಲ್ಲೇ ಇದ್ದೆ" ಎಂದೆ.

"ಮತ್ತೆ? ಅದನ್ನೇ ಬರೀರಿ."

ಬರೆದೆ. ನಮ್ಮ ಮನೆಯಿಂದ ಮೇಲಿನ ರಸ್ತೆಯವರೆಗಿನ ಆ ಮರಳು ಏರು, ಧೋ ಎಂದು ಸುರಿಯುವ ಮಳೆ, ಒಬ್ಬ ತಮ್ಮ, ಅವನ ಬೆನ್ನ ಮೇಲೆ ನ್ಸಿಂಬಾ. ಏಳು ಚೌಕ. ಮಾತಿಲ್ಲ, ಗುಳ್ಳೆ ಇಲ್ಲ, ತಿದ್ದಲು ಕಾಗುಣಿತ ಕೂಡ ಇಲ್ಲ. ಏಳನೆಯ ಚೌಕದಲ್ಲಿ ಅವನ ಮೊಣಕಾಲು ಮರಳಿನಲ್ಲಿ ಹೂತಿದೆ, ಕತ್ತು ಮಾತ್ರ ಮೇಲಕ್ಕೆ. ನೀನು ಆ ಪುಟದಲ್ಲಿ ಇಲ್ಲವೇ ಇಲ್ಲ ಅಕ್ಕಾ. ನಿನ್ನನ್ನು ನಾನು ಮನೆಯ ಬಾಗಿಲಲ್ಲಿ ಅಳುತ್ತಾ ನಿಂತ ಹಾಗೆ ಬರೆದೆ, ನಲವತ್ತನೆಯ ಪುಟದ ಕೊನೆಯಲ್ಲಿ. ಹೊತ್ತವಳು ನೀನು. ನಾನು ಕೈಗಾಡಿಯ ಕಿಯಾಲಾನನ್ನು ಕರೆತರಲು ಹೋಗಿದ್ದವನು, ವಾಪಸು ಬಂದಾಗ ಬಾಗಿಲು ತೆರೆದಿತ್ತು, ಮನೆ ಖಾಲಿಯಿತ್ತು. ಗಾಡಿ ಸಿಗಲಿಲ್ಲ ಎಂದು ನಿನಗೆ ಹೇಳಿದ್ದೆ. ಕಾಯದೆ ನೀನೇ ಹೊತ್ತುಕೊಂಡು ಹೋಗಿದ್ದೆ. ಹದಿನಾರು ವರ್ಷದ ಗಂಡುಹುಡುಗ ನಾನು, ನಿನ್ನ ತೂಕವೂ ಅವಳ ತೂಕವೂ ಒಂದೇ.

ಒಂದು ಪುಟ ತಾನೇ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಆ ದಿನದ ಬಗ್ಗೆ ಬಾಯಿ ಬಿಡಬಾರದು ಎಂಬ ಕಟ್ಟಳೆಯೇ ನನ್ನ ಸುಳ್ಳಿಗೆ ಪರದೆಯಾಯಿತು. ಯಾರೂ ಹೇಳದ ಕಥೆಯನ್ನು ಯಾರು ಬಂದು ಸುಳ್ಳು ಅನ್ನುತ್ತಾರೆ? ಆದರೆ ಜನ ಹಿಡಿದದ್ದು ಅದೇ ಪುಟವನ್ನು. ಪತ್ರಿಕೆಯಲ್ಲಿ ಅಚ್ಚಾದದ್ದು ಅದು, ಪುಸ್ತಕದಂಗಡಿಯ ಗಾಜಿಗೆ ಅಂಟಿಸಿದ್ದು ಅದು. ಒಂದು ಶಾಲೆಗೆ ಕರೆದಿದ್ದರು. ಒಬ್ಬ ಹುಡುಗಿ ಎದ್ದು ನಿಂತು, "ನಿಮ್ಗೆ ಬೆನ್ನು ನೋಯ್ಲಿಲ್ವಾ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವವರೆಗೂ ಹಾಗೇ ಕೂತಿದ್ದೆ ನಾನು, ಬೇಡ ಅನ್ನಲಿಲ್ಲ. ಹಾಗೆ ಕೂತದ್ದು ಒಂದು ಸಲ ಅಲ್ಲ.

ಫಿಲೋ ಚಿಕ್ಕಮ್ಮನ ನೆನಪಿದೆಯಾ, ನಮ್ಮ ಏರಿನ ಅರ್ಧದಲ್ಲಿ ನೀಲಿ ಜಗಲಿಯ ಮನೆಯವಳು? ಈಗ ಇಲ್ಲೇ ಇದ್ದಾಳೆ, ಜಡೆ ಹೆಣೆಯುತ್ತಾಳೆ. ಹದಿನೈದು ದಿನದ ಹಿಂದೆ ನಮ್ಮ ಕೇರಿಯ ಸಭಾಂಗಣದಲ್ಲಿ ಪುಸ್ತಕಕ್ಕೆ ಸಹಿ ಹಾಕಿಕೊಡುವ ಕಾರ್ಯಕ್ರಮ. ಸಾಲಿನಲ್ಲಿ ನಿಂತು ಬಂದಳು. ಕೂದಲಿನ ಎಣ್ಣೆ ಹತ್ತಿದ ಬೆರಳಿನಿಂದ ಪುಟ ತಿರುವುತ್ತಾ ಒಂದೊಂದಕ್ಕೂ ಗಟ್ಟಿಯಾಗಿ ನಗುತ್ತಿದ್ದಳು. "ಅಯ್ಯೋ, ನಿಮ್ಮಮ್ಮನ ನಡಿಗೆ ನೋಡು! ಅದೇ ಬಾತುಕೋಳಿ!" ಎಂದು ಹಿಂದಿನವರಿಗೆಲ್ಲ ತೋರಿಸಿದಳು. ನಲವತ್ತೊಂದಕ್ಕೆ ಬಂದು ನಿಂತಳು.

"ಏನೋ ಲಾಂಡು, ಯಾರಪ್ಪ ಈ ಪೈಲ್ವಾನ?"

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ.

"ನಿನ್ ತೋಳು ಕೋಳಿಕಾಲಿನ ಹಾಗಿತ್ತಲ್ಲೋ ಆಗ! ಒಂದು ಕೊಡ ನೀರು ಹೊತ್ರೆ ಅರ್ಧ ಚೆಲ್ತಿದ್ದೆ." ಆಮೇಲೆ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದಳು. ನಗು ಹೋಯಿತು. ದನಿ ಇಳಿಸಿ ಹೇಳಿದಳು, "ನಾನು ಜಗಲೀಲೇ ನಿಂತಿದ್ದೆ ಕಣಪ್ಪ. ಅವಳು ಸೌದೆಗೆ ಹೋದ ದಿನ ಹೊತ್ತೋಳು ನ್ಸೂಜಿ. ನಮ್ಮನೆ ಮುಂದೆ ಎರಡು ಸಲ ಬಿದ್ಲು. ನಾನು ಓಡಿ ಬಂದು ಹಿಡ್ಕೊಳ್ಳೋಕೆ ಹೋದ್ರೆ ಬಿಡ್ಲಿಲ್ಲ. ಇವಳ ಅರ್ಧ ನಾನೇ, ನಾನೇ ಹೊರ್ಬೇಕು ಚಿಕ್ಕಮ್ಮ ಅಂದ್ಲು."

ನೀನು ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ ಅಕ್ಕಾ. ಎರಡು ಸಲ ಬಿದ್ದದ್ದೂ ಗೊತ್ತಿರಲಿಲ್ಲ. ನನ್ನ ಕೈಯಲ್ಲಿ ಪೆನ್ನಿತ್ತು, ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಚಿಕ್ಕಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಹಿ ಹಾಕು, ಹಾಕು, ನಮ್ ಹುಡುಗ ತಾನೇ ನೀನು. ಆದ್ರೆ ನ್ಸೂಜಿಗೆ ಇದನ್ನ ತೋರ್ಸಿದೀಯಾ?" ಎಂದಳಷ್ಟೇ. ಮಾರನೆಯ ದಿನ ಮರಗೆಣಸಿನ ಸೊಪ್ಪಿನ ಪಲ್ಯ ಒಂದು ಡಬ್ಬಿ ತುಂಬ ಕಳಿಸಿದಳು. ಮೇಜಿನ ಮೇಲೆ ಎರಡು ದಿನ ಹಾಗೇ ಇತ್ತು. ಮುಚ್ಚಳ ತೆಗೆಯಲು ನನ್ನಿಂದ ಆಗಲಿಲ್ಲ.

ತೋರಿಸಿಲ್ಲ. ಅದಕ್ಕೇ ಈ ಕಾಗದ. ಮೇ ತಿಂಗಳಲ್ಲಿ ಪುಸ್ತಕ ಕಿನ್ಶಾಸಾದಲ್ಲಿ ಬಿಡುಗಡೆಯಾಗುತ್ತದೆ, ನಿನ್ನನ್ನು ವೇದಿಕೆಯ ಮೇಲೆ ಕೂರಿಸುತ್ತಾರೆ ಎಂದು ಮದಾಂ ಗೊದೆಲೀವ್ ನಿನಗೇ ಫೋನ್ ಮಾಡಿ ಹೇಳಿದ್ದಾರೆ. ನೀನು ಚರ್ಚಿನ ಗಾಯನ ಗುಂಪಿನ ಹೆಂಗಸರನ್ನೆಲ್ಲ ಕರೆದಿದ್ದೀಯ ಎಂದು ಮಕಿಯೆಸೆ ಹೇಳಿದಳು. ಗೋಡೆಯಷ್ಟು ದೊಡ್ಡದಾಗಿ ಆ ಪುಟವನ್ನೇ ವೇದಿಕೆಯ ಹಿಂದೆ ತೂಗುಹಾಕುತ್ತಾರಂತೆ. ನೀನು ಅದರ ಕೆಳಗೆ ಕೂರಬೇಕು, ನಿನ್ನ ಬೆನ್ನ ಹಿಂದೆ ನಾನು ನ್ಸಿಂಬಾಳನ್ನು ಹೊತ್ತು ಹೋಗುತ್ತಿರಬೇಕು. ನೀನು ತಿರುಗಿ ನೋಡಿದರೂ ಅಲ್ಲಿ ಏನೂ ಹೇಳುವವಳಲ್ಲ. ತಮ್ಮನ ಮಾನ ಎಂದು ಸುಮ್ಮನೆ ನಕ್ಕು ಕೂರುತ್ತೀಯ. ಅದೇ ನನಗೆ ಹೆದರಿಕೆ. ನೀನು ಸಿಟ್ಟಾಗುವುದಕ್ಕಿಂತ ನೀನು ಸುಮ್ಮನಿರುವುದು.

ಇಂದು ಬೆಳಗ್ಗೆ ಮದಾಂ ಗೊದೆಲೀವ್ ಅವರಿಗೆ ಹೇಳಿದೆ, ಹೊತ್ತದ್ದು ನಾನಲ್ಲ ಎಂದು. ಅವರು ಅಚ್ಚುಮನೆಗೆ ಫೋನ್ ಮಾಡಿ ಎರಡನೆಯ ಮುದ್ರಣ ನಿಲ್ಲಿಸಿದರು. "ಮೊದ್ಲು ಅಕ್ಕನಿಗೆ ಹೇಳಿ, ಆಮೇಲೆ ನನಗೆ ಹೊಸ ಪುಟ ಕೊಡಿ" ಎಂದರು. ಕೆಂಪು ಪೆನ್ಸಿಲನ್ನು ಕಿವಿಯಿಂದ ತೆಗೆದು ಡ್ರಾಯರಿಗೆ ಹಾಕಿದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅಷ್ಟು ಸುಲಭವಾಗಿ ಮುಗಿಯುವುದು ಬೇಡ. ಮಾತ್ರೆ ಮರೆಯಬೇಡ. ಇದನ್ನು ಓದಿ ತಲೆ ತಿರುಗಿದರೆ ಕೂತುಕೋ, ಮಕಿಯೆಸೆಯನ್ನು ಕರೆ. ಗಾಯನ ಗುಂಪಿನವರಿಗೆ ನನ್ನ ವಂದನೆ, ಮಕಿಯೆಸೆಗೆ ಮುತ್ತು. ದೇವರು ನಿನ್ನ ಮನೆಯ ಹಿಂದಿನ ಮರಳನ್ನು ಅಲ್ಲೇ ಹಿಡಿದಿಡಲಿ.

ನಿಮ್ಮಿಬ್ಬರ ಹಿಂದೆ ಬಂದವನು,
ಲಾಂಡು

ಮ.ಸೂ: ಪಾಸ್ಟರ್ ಬಾಗಿಲಲ್ಲಿ ನಿಂತಿದ್ದಾರೆ, ಸಾಮಾನು ಇವತ್ತೇ ಕಟ್ಟಬೇಕಂತೆ, ಅವಸರ. ಅಂಟು ಕಿತ್ತು ಬರೆಯುತ್ತಿದ್ದೇನೆ. ಗಾಡಿ ಇತ್ತು ಅಕ್ಕಾ. ಕಿಯಾಲಾನ ಅಂಗಳದಲ್ಲೇ ನಿಂತಿತ್ತು, ಅವನೂ ಮನೆಯಲ್ಲೇ ಇದ್ದ, ಅವನ ರೇಡಿಯೋ ಕೇಳಿಸುತ್ತಿತ್ತು. ನ್ಸಿಂಬಾ ಕಿರುಚಿದ್ದು ನನ್ನ ಕಿವಿಯಲ್ಲಿತ್ತು, ನನಗೆ ಭಯವಾಯಿತು, ಬಾಗಿಲು ತಟ್ಟದೆ ಮುಂದೆ ಹೋದೆ. ಬೋರ್ಡು ಬರೆಯುವವನ ಗುಡಿಸಲಲ್ಲಿ ಕೂತು ಮಾಂಸದಂಗಡಿಯ ಬೋರ್ಡಿಗೆ ಮೇಕೆ ಬಿಡಿಸಿದೆ. ಮಳೆ ನಿಂತ ಮೇಲೂ ಕೂತಿದ್ದೆ, ಮೇಕೆಯ ಗಡ್ಡ ಮುಗಿಸಿಯೇ ಎದ್ದೆ. ಹೊಸ ಪುಟದಲ್ಲಿ ನೀನು ಏರು ಹತ್ತುತ್ತಿದ್ದೀಯ, ಎರಡು ಸಲ ಬೀಳುತ್ತೀಯ. ಕೊನೆಯ ಚೌಕದಲ್ಲಿ ನಾನು ಮೇಕೆ ಬಿಡಿಸುತ್ತಿದ್ದೇನೆ. ನೀನು ಹೂಂ ಅನ್ನುವವರೆಗೆ ಅಚ್ಚಿಗೆ ಕೊಡುವುದಿಲ್ಲ.