ಹನ್ನೊಂದು ವ್ಯಾನುಗಳ ಐಬು

ಲಿಂಗಸುಗೂರು
೧೪ ನವೆಂಬರ್ ೨೦೨೫, ಶುಕ್ರವಾರ

ಭಾಗ್ಯಳ ಅಪ್ಪನಿಗೆ ಭಾಗ್ಯಳ ಅವ್ವ ಮಾಡುವ ನಮಸ್ಕಾರ.

‘ಪ್ರೀತಿಯ’ ಎಂದು ಮೊದಲು ಬರೆದು ಹೊಡೆದುಹಾಕಿದ್ದು ಮೇಲೆ ಕಾಣುತ್ತಿದೆ. ಕಾಣಲಿ ಎಂದೇ ಹಾಳೆ ಬದಲಿಸಿಲ್ಲ. ಇಲ್ಲಿ ನಾನು, ಮಗಳು ಆರಾಮ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಹೋದ ಭಾನುವಾರ ಕಣ್ಣಾರೆ ನೋಡಿದ್ದೇನೆ. ಅಂಗಿಗೆ ನಾಲ್ಕು ಗುಂಡಿ, ನಾಲ್ಕೂ ಬೇರೆ ಬೇರೆ ಬಣ್ಣ.

ಫೋನು ಇರುವಾಗ ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನೀವು ‘ಹಾಂ’, ‘ನೋಡೂಣು’, ‘ಮತ್ತ?’ ಈ ಮೂರರ ಆಚೆ ಹೋಗುವವರಲ್ಲ. ಮೆಸೇಜು ಹಾಕಿದರೆ ಒಂದು ಹೆಬ್ಬೆರಳು ಬರುತ್ತದೆ. ಹೆಬ್ಬೆರಳಿನ ಜೊತೆ ಎಷ್ಟು ದಿನ ಸಂಸಾರ ಮಾಡಲಿ? ಕಾಗದವಾದರೆ ನಡುವೆ ಎದ್ದು ಹೋಗಲು ಬರುವುದಿಲ್ಲ. ಸಿಂಧನೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ರೈಸ್ ಮಿಲ್ಲಿನ ಬೀರಲಿಂಗಪ್ಪ ಎಂದರೆ ಅವರಿಗೆ ಗೊತ್ತಂತೆ, ‘ಎಲ್ಲಾ ಭತ್ತಾನೂ ಹಸಿ ಅಂತಾರಲ್ಲ, ಅವರ ಹೌದಿಲ್ರಿ?’ ಎಂದು ಕೇಳಿದರು.

ವಿಷಯ ವ್ಯಾನಿನದು. ಆದರೆ ವ್ಯಾನಿಗೆ ಬರುವ ಮೊದಲು ನಿಮಗೆ ಗೊತ್ತಿರುವುದನ್ನೇ ಒಮ್ಮೆ ಬರೆಯುತ್ತೇನೆ, ಯಾಕೆಂದರೆ ನಡೆದದ್ದೇ ಬೇರೆ, ನೀವು ನೆನಪಿಟ್ಟುಕೊಂಡಿರುವುದೇ ಬೇರೆ.

ಜನವರಿಯಲ್ಲಿ ನನಗೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಬಡ್ತಿ ಬಂತು, ಜಾಗ ಲಿಂಗಸುಗೂರು. ಹದಿನಾಲ್ಕು ವರ್ಷ ಊರ ಮಕ್ಕಳ ಮೂಗು ಒರೆಸಿದ ಮೇಲೆ ಬಂದ ಬಡ್ತಿ ಅದು. ಮನೆಯಲ್ಲಿ ನೀವು ಒಂದು ವಾರ ಅದರ ಮಾತೆತ್ತಲಿಲ್ಲ. ಹೆಂಡತಿ ಹೋಗಬೇಕೋ ಬೇಡವೋ ಎಂದು ಮಿಲ್ಲಿನಲ್ಲಿ ಕೇಳಿದಿರಿ, ಚಹಾದ ಅಂಗಡಿಯಲ್ಲಿ ಕೇಳಿದಿರಿ, ಕಟಿಂಗ್ ಮಾಡಿಸಿಕೊಳ್ಳುತ್ತಾ ಅಲ್ಲಿಯೂ ಕೇಳಿದಿರಂತೆ. ಕೇಳದೆ ಉಳಿದದ್ದು ನನ್ನೊಬ್ಬಳನ್ನು. ಎಂಟನೆಯ ದಿನ ರೊಟ್ಟಿ ಮುರಿಯುತ್ತಾ ಗೋಡೆಯ ಕಡೆ ನೋಡಿಕೊಂಡು, ‘ಹೋಗೋರು ಹೋಗ್ಲಿ, ನಾ ಏನ್ ಹಿಡಕೊಂಡು ಕುಂತೀನೇನು’ ಎಂದಿರಿ. ನಾನು ಕಾಯುತ್ತಿದ್ದದ್ದೇ ನೀವು ಹಿಡಿದುಕೊಳ್ಳಲಿ ಎಂದು. ‘ಹೋಗು, ನಾನೂ ಬರ್ತೀನಿ’ ಎಂದಿದ್ದರೂ ಆಗುತ್ತಿತ್ತು, ‘ಹೋಗಬ್ಯಾಡ’ ಎಂದು ಜಗಳ ತೆಗೆದಿದ್ದರೂ ಆಗುತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಿ. ಮರುದಿನ ಟ್ರಂಕನ್ನೂ ಮಗಳನ್ನೂ ಕಟ್ಟಿಕೊಂಡು ಬಸ್ಸು ಹತ್ತಿದೆ.

ಆಮೇಲೆ ನಮ್ಮ ಮನೆತನಗಳ ರೂಢಿ ನಮ್ಮಿಬ್ಬರ ತಲೆಯ ಮೇಲೆ ಕೂತಿತು. ಸಿಟ್ಟು ಮಾಡಿಕೊಂಡು ಹೋದ ಹೆಂಡತಿ ಕರೆಯದೆ ತಿರುಗಿ ಬರಬಾರದು. ಗಂಡನ ಕಡೆಯವರು ಕರೆಯಲು ಬರಬೇಕು, ಬಂದವರಿಗೆ ನೀರು ಕೊಡಬೇಕು, ಎರಡು ಸಲ ಒಲ್ಲೆ ಅನ್ನಬೇಕು, ಮೂರನೆಯ ಸಲಕ್ಕೆ ಏಳಬೇಕು. ನಾನು ದಿನಾಲೂ ಕೊಡ ತೊಳೆದು ನೀರು ತುಂಬಿಟ್ಟೆ. ನೀವು ‘ಆಕಿ ಬಾಡಗಿ ಮನಿಗೆ ಕರೀಲಾರದ ನಾ ಹ್ಯಾಂಗ ಹೋಗ್ಲಿ’ ಎಂದು ಸಿಂಧನೂರಿನಲ್ಲಿ ಕೂತಿರಿ. ಹೀಗೆ ಬೇಸಿಗೆ ಹೋಯಿತು, ಕಾಲುವೆಗೆ ನೀರು ಬಂತು, ಕರೆಯುವವರು ಬರಲಿಲ್ಲ.

ಕೊನೆಗೆ ಬುದ್ಧಿ ಓಡಿಸಿದ್ದು ಹನ್ನೆರಡು ವರ್ಷದ ಭಾಗ್ಯ. ನಮಗೊಂದು ಹಳೆಯ ವ್ಯಾನು ಬೇಕು, ಭಾನುವಾರ ಅಜ್ಜಿಯೂ ಸೇರಿ ನಾಲ್ಕೂ ಜನ ಅದರಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬೇಕು ಎಂದು ನಿಮಗೆ ಫೋನಿನಲ್ಲಿ ಹಟ ಹಿಡಿದಳು. ಲೆಕ್ಕದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ಬರೆದಳು: ಹಿಂದಿನ ಸೀಟು ತೆಗೆಸಿ ಎದುರುಬದುರು ಎರಡು ಹಲಗೆ, ಹಲಗೆಯ ಕೆಳಗೆ ರೊಟ್ಟಿ ಡಬ್ಬಿಯ ಜಾಗ, ಬದಿಗೆ ನೆರಳಿಗೊಂದು ತಾಡಪಾಲು, ಅಜ್ಜಿ ಹತ್ತಲು ಒಂದು ಮೆಟ್ಟಿಲು. ಮುದಗಲ್ಲಿನ ಕೋಟೆ, ಜಲದುರ್ಗ, ನದಿ ದಂಡೆ ಎಂದು ಊರುಗಳ ಪಟ್ಟಿಯೂ ಇತ್ತು. ವ್ಯಾನು ನೋಡುವುದು ಮಸ್ಕಿಯಲ್ಲಿ, ಮಹಮ್ಮದಸಾಬರ ಹಳೇ ಗಾಡಿಗಳ ಅಂಗಳದಲ್ಲಿ. ನಿಮಗೆ ಅರ್ಧ ದಾರಿ, ನಮಗೆ ಅರ್ಧ ದಾರಿ. ಅದು ಯಾರ ಮನೆಯೂ ಅಲ್ಲವಾದ್ದರಿಂದ ಕರೆಯದೆ ಬಂದರು ಎಂಬ ಮಾತು ಯಾರಿಗೂ ತಾಗುವುದಿಲ್ಲ.

ಹೀಗೆ ಆಗಸ್ಟ್ ಕೊನೆಯಿಂದ ಹನ್ನೊಂದು ಭಾನುವಾರ, ಹನ್ನೊಂದು ವ್ಯಾನು. ನೀವು, ನಿಮ್ಮ ಅವ್ವ ಒಂದು ಬಸ್ಸಿನಿಂದ ಇಳಿದಿರಿ, ನಾನು, ಭಾಗ್ಯ ಇನ್ನೊಂದರಿಂದ.

ಮಿಲ್ಲಿಗೆ ಬಂದ ಭತ್ತದ ಚೀಲಕ್ಕೆ ಕೊಕ್ಕೆ ಚುಚ್ಚಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಊದಿ, ಹಲ್ಲಿನಲ್ಲಿ ಕಡಿದು ‘ಹಸಿ ಐತಿ’ ಎನ್ನುವುದು ನಿಮ್ಮ ನೌಕರಿ. ಅದನ್ನೇ ವ್ಯಾನಿಗೂ ಮಾಡಿದಿರಿ. ಸೀಟಿನ ಸ್ಪಂಜನ್ನು ಚಿವುಟಿ ಮೂಸಿದಿರಿ. ಬಾಗಿಲಿಗೆ ಕಿವಿ ಹಚ್ಚಿ ಬಡಿದಿರಿ. ಮೊದಲನೆಯದು ಬ್ಯಾಂಡಿನವರ ವ್ಯಾನು, ಮೈತುಂಬ ತುತ್ತೂರಿ ಊದುವವರ ಚಿತ್ರ. ಬಣ್ಣ ಬಳಿದರೂ ಚಿತ್ರ ಮೇಲೆದ್ದು ಬರುತ್ತದೆ ಎಂದು ಬೇಡವಾಯಿತು. ಎರಡನೆಯದು ಶಾಲೆಯ ವ್ಯಾನು, ಸೀಟುಗಳು ಸಣ್ಣ ಮಕ್ಕಳ ಅಳತೆಯವು. ಅದರಲ್ಲಿ ನೀವು ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು ಕೂತು, ‘ಒಂದೀಟು ಬಿಗಿ ಆಕ್ಕೈತಿ’ ಎಂದದ್ದನ್ನು ಭಾಗ್ಯ ಇವತ್ತಿಗೂ ಮಾಡಿ ತೋರಿಸುತ್ತಾಳೆ.

ಮೂರನೆಯದನ್ನು ನೀವು ಮರೆತಿರಲಾರಿರಿ. ಹಸಿರು ವ್ಯಾನು. ಓಡಿಸಿ ನೋಡೋಣ ಎಂದು ನಾಲ್ಕೂ ಜನ ಬಳಗಾನೂರು ದಾರಿ ಹಿಡಿದೆವು. ಊರ ಹತ್ತಿರ ಎಮ್ಮೆ ಅಡ್ಡ ಬಂತೆಂದು ನೀವು ಹಾರ್ನು ಒತ್ತಿದ್ದೇ ತಡ, ಬೇವಿನ ಮರದ ಕೆಳಗಿಂದ ಒಂಬತ್ತು ಹೆಣ್ಣುಮಕ್ಕಳು ಸೀರೆ ಎತ್ತಿ ಕಟ್ಟಿಕೊಂಡು ಓಡಿ ಬಂದು, ಬಾಗಿಲು ಜಗ್ಗಿ ಒಳಗೆ ಕೂತೇಬಿಟ್ಟರು. ಮೂರು ವರ್ಷ ಅದು ಭತ್ತದ ನಾಟಿಗೆ ಕೂಲಿಯವರನ್ನು ಒಯ್ಯುತ್ತಿದ್ದ ಗಾಡಿಯಂತೆ, ಹಾರ್ನು ಅವರಿಗೆ ಬಾಯಿಪಾಠ. ‘ಎಷ್ಟ ತಡಾ ಮಾಡೀಯೋ ಯಪ್ಪಾ, ಬಿಸಿಲೇರಾಕತ್ತೈತಿ’ ಎಂದು ಮುಂದಿದ್ದ ಮಾಸುಂಬಿ ಎಂಬವಳು ನಿಮಗೆ ಬೈದಳು. ನೀವು ಇದು ಬಾಡಿಗೆ ಗಾಡಿ ಅಲ್ಲ ಎನ್ನಲು ಬಾಯಿ ತೆರೆದಿರಿ. ಅಷ್ಟರಲ್ಲಿ ನಿಮ್ಮ ಅವ್ವ ಸರಿದು ಜಾಗ ಕೊಟ್ಟು, ಯಾರ ಹೊಲ, ಎಷ್ಟು ಮಡಿ, ಊಟಕ್ಕೇನು ಕಟ್ಟಿಕೊಂಡಿದ್ದೀರಿ ಎಂದು ವಿಚಾರಣೆ ಶುರು ಮಾಡಿದ್ದರು. ಕೊನೆಗೆ ಗದ್ದೆಯ ತನಕ ಬಿಟ್ಟು ಬಂದೆವು. ಭಾಗ್ಯ ಕೆಸರಿಗಿಳಿದು ಒಂದು ಸಾಲು ಸಸಿ ನೆಟ್ಟಳು. ಬದುವಿನ ಮೇಲೆ ಕೂತು ಅವರ ಬುತ್ತಿಯ ರೊಟ್ಟಿ, ಪುಂಡಿಪಲ್ಯೆ ತಿಂದೆವು. ನೀವು ನನ್ನ ಕಡೆ ನೋಡದೆಯೇ ಖಾರದ ಚಟ್ನಿಯನ್ನು ನನ್ನ ಕಡೆ ದೂಡಿದಿರಿ. ಸಂಜೆ ಮಹಮ್ಮದಸಾಬರಿಗೆ ಕೀಲಿ ಕೊಟ್ಟು, ‘ಹಾರ್ನ್ ಸರಿ ಇಲ್ಲ’ ಎಂದಿರಿ.

ಅಲ್ಲಿಯವರೆಗೆ ನಾನು ನಿಮ್ಮನ್ನು ಮೊಸರಲ್ಲಿ ಕಲ್ಲು ಹುಡುಕುವ ಮನುಷ್ಯ ಎಂದೇ ತಿಳಿದಿದ್ದೆ. ಎಂಟನೆಯ ವಾರ ಆ ಬೂದು ಬಣ್ಣದ ವ್ಯಾನು ಬಂತಲ್ಲ, ಆವಾಗ ಸಂಶಯ ಬಂತು. ಒಬ್ಬರೇ ಓಡಿಸಿದ ಗಾಡಿ, ತುಕ್ಕಿಲ್ಲ, ಟೈರು ಹೊಸವು, ಬೆಲೆ ನಮ್ಮ ಕೈಗೆ ಎಟುಕುವಂಥದು, ಮೆಟ್ಟಿಲು ಅತ್ತೆಯ ಕಾಲಿಗೆ ಹೇಳಿ ಮಾಡಿಸಿದ ಹಾಗೆ. ನೀವು ಮೂರು ಸುತ್ತು ಹಾಕಿದಿರಿ. ಬಾನೆಟ್ಟಿನೊಳಗೆ ತಲೆ ಹಾಕಿ ಬಹಳ ಹೊತ್ತು ನಿಂತಿರಿ. ಆಮೇಲೆ ಹೊರಗೆ ಬಂದು, ‘ಗಾಡಿ ಭಾಳ ಮೆತ್ತಗ ಐತಿ. ಸಪ್ಪಳ ಮಾಡಲಾರದ ಗಾಡಿ ನಂಬಬಾರದು’ ಎಂದಿರಿ. ಮಹಮ್ಮದಸಾಬರು ಗಡ್ಡ ಕೆರೆದುಕೊಳ್ಳುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು.

ಮೊನ್ನೆ ಬುಧವಾರ ಮಸ್ಕಿಯಲ್ಲಿ ನನಗೆ ಮೀಟಿಂಗ್ ಇತ್ತು. ಮುಗಿಸಿಕೊಂಡು ಸುಮ್ಮನೆ ಅವರ ಅಂಗಳಕ್ಕೆ ಹೋದೆ. ನನ್ನನ್ನು ಕಂಡದ್ದೇ ಅವರು ಕೈ ಮುಗಿದರು. ‘ಅಕ್ಕಾರ, ಇನ್ನ ನನ್ನ ಕೈಲೆ ಆಗಂಗಿಲ್ರಿ. ಛಲೋ ಗಾಡಿ ಕೇಳ್ರಿ, ನಾಳೆನ ತಂದು ನಿಲ್ಲಸ್ತೀನಿ. ವಾರಕ್ಕೊಂದು ಬ್ಯಾಡಾಗುವಂಥ ಗಾಡಿ ಎಲ್ಲಿಂದ ತರ್ಲಿ? ಮಾನ್ವಿ, ಕುಷ್ಟಗಿತನಾ ಹುಡುಕಿ ಪರೇಶಾನ ಆಗೀನಿ.’

ಏನು ಹಾಗೆಂದರೆ ಎಂದು ಕೇಳಿದೆ. ಆಗ ಎಲ್ಲ ಹೊರಬಿತ್ತು. ನೀವು ಪ್ರತಿ ಗುರುವಾರ ಅವರಿಗೆ ಫೋನು ಮಾಡಿ, ‘ಈ ವಾರಾನೂ ಒಂದು ತೋರಸ್ರಿ ಸಾಬ, ಆದ್ರ ತಗೊಳ್ಳುವಂಥಾದ್ದು ತೋರಸಬ್ಯಾಡ್ರಿ’ ಅನ್ನುತ್ತೀರಂತೆ. ಬೂದು ವ್ಯಾನು ಅವರು ತಪ್ಪಿ ತೋರಿಸಿದ್ದಂತೆ, ಅದಕ್ಕೆ ನೀವು ಅವರ ಮೇಲೆ ಸಿಟ್ಟಾಗಿದ್ದಿರಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಗಿರಾಕಿ ಕಳೆದುಕೊಳ್ಳುವುದು ಬೇಡ ಎಂದು ಸುಮ್ಮನಿದ್ದ ಮನುಷ್ಯ ಒಂದು ದಿನ ತಡೆಯಲಾರದೆ, ಯಾಕ್ರೀ ಹೀಗೆ ಎಂದು ಕೇಳಿದನಂತೆ. ಅದಕ್ಕೆ ನೀವು ಕೊಟ್ಟ ಉತ್ತರವನ್ನು ಅವರು ನಿಮ್ಮ ದನಿಯಲ್ಲಿಯೇ ಹೇಳಿದರು: ‘ಗಾಡಿ ತಗೊಂಡ್ರ ಮುಂದಿನ ಐತವಾರ ಆಕಿ ಯಾಕ ಬರ್ತಾಳ?’

ನನಗೆ ಮೊದಲು ನಗು ಬಂತು. ಎಷ್ಟು ನಕ್ಕೆನೆಂದರೆ ಪಕ್ಕದ ಟಯರ್ ಅಂಗಡಿಯವರು ಹಣಕಿ ನೋಡಿದರು. ಆಮೇಲೆ ಅದೇ ನಗು ಹೋಗಿ ಅಳು ಬಂತು. ಮಹಮ್ಮದಸಾಬರು ಗಾಬರಿಯಾಗಿ ಒಂದು ಕುರ್ಚಿ ಹಾಕಿದರು, ಚಹಾ ತರಿಸಿದರು, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, ‘ಬೂದು ಬಣ್ಣದ್ದು ಇನ್ನೂ ಐತ್ರಿ’ ಎಂದರು. ವ್ಯಾಪಾರ ಬಲ್ಲ ಮನುಷ್ಯ.

ನಿಮ್ಮೊಬ್ಬರ ಕಳ್ಳತನ ಬಯಲು ಮಾಡಿ ನಾನು ಗರತಿಯಾಗುವುದು ಸರಿಯಲ್ಲ. ಐದನೆಯ ವಾರ ನೀಲಿ ವ್ಯಾನು ಬಂದಿತ್ತು. ಪಾಪ, ನಿಮಗೆ ಅದರಲ್ಲಿ ಏನೂ ಸಿಕ್ಕಿರಲಿಲ್ಲ. ನೀವು ಬೆವರು ಒರೆಸಿಕೊಳ್ಳುತ್ತಾ ನಿಂತಾಗ, ಒಳಗೆ ಡೀಸೆಲ್ ವಾಸನೆ ಇದೆ, ನನಗೆ ವಾಂತಿ ಬಂದ ಹಾಗಾಗುತ್ತಿದೆ ಎಂದು ನಾನೇ ಕೆಳಗಿಳಿದೆ. ಅದು ಪೆಟ್ರೋಲ್ ಗಾಡಿ. ನಿಮಗೂ ಗೊತ್ತಿತ್ತು, ನೀವೂ ‘ಹೌದೌದು, ಭಾಳ ವಾಸನಿ’ ಎಂದಿರಿ. ಬಸ್ಸಿನಲ್ಲಿ ಬರುತ್ತಾ, ಈ ಮನುಷ್ಯನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ನಿಮ್ಮನ್ನೇ ಬೈದುಕೊಂಡೆ. ನನ್ನಂತೆ ನಿಮಗೂ ಇನ್ನೊಂದು ಭಾನುವಾರ ಬೇಕಿತ್ತೆಂದು ನನಗೇ ತಿಳಿದಿರಲಿಲ್ಲ ನೋಡಿ.

ಬೂದು ವ್ಯಾನನ್ನು ಕೊಂಡಿದ್ದೇನೆ. ಇನ್ನೂ ಹೇಳದ ಒಂದು ಮಾತಿದೆ. ಮೇ ತಿಂಗಳಿಂದ ಇಲ್ಲಿ ಡ್ರೈವಿಂಗ್ ಕಲಿತೆ, ಜುಲೈನಲ್ಲಿ ಲೈಸೆನ್ಸ್ ಬಂತು. ನಿನ್ನೆ ಬೆಳಿಗ್ಗೆ ನಾನೇ ಓಡಿಸಿಕೊಂಡು ಮನೆಗೆ ತಂದೆ. ದಾರಿಯಲ್ಲಿ ಎರಡು ಸಲ ಬಂದ್ ಬಿತ್ತು, ಗಾಡಿಯ ತಪ್ಪಿಲ್ಲ.

ಈಗ ನಮ್ಮಿಬ್ಬರಿಗೂ ನೆಪ ಉಳಿದಿಲ್ಲ. ಹನ್ನೆರಡನೆಯ ಭಾನುವಾರಕ್ಕೆ ನೋಡಲು ವ್ಯಾನಿಲ್ಲ. ಸೇರಿ ಇದ್ದರೆ ಸರಿ, ಇಲ್ಲವಾದರೆ ಭಾಗ್ಯ ಅರ್ಧ ದಾರಿಯ ಮಗಳಾಗಿಯೇ ಬೆಳೆದಾಳು. ಅದು ನನಗೆ ಬೇಡ. ನೀವಿಲ್ಲದ ಮನೆಯೂ ನನಗೆ ಬೇಡ, ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಆದರೆ ನೌಕರಿ ಬಿಟ್ಟು ಸಿಂಧನೂರಿಗೆ ಬರುವವಳೂ ನಾನಲ್ಲ, ಮಿಲ್ಲು ಬಿಟ್ಟು ನೀವು ಬನ್ನಿ ಎನ್ನುವವಳೂ ಅಲ್ಲ. ಮಸ್ಕಿಯಲ್ಲಿ ಒಂದು ಮನೆ ಬಾಡಿಗೆಗೆ ಇದೆ. ಎರಡು ಕೋಣೆ, ಅಂಗಳದಲ್ಲಿ ಗಾಡಿ ನಿಲ್ಲುತ್ತದೆ. ನೀವು ಬೆಳಿಗ್ಗೆ ಆ ಕಡೆ ಬಸ್ಸು ಹತ್ತಿರಿ, ನಾನು ಈ ಕಡೆ ಹೋಗುತ್ತೇನೆ, ಸಂಜೆ ಒಂದೇ ಒಲೆಯ ರೊಟ್ಟಿ.

ಗಂಡನನ್ನು ಕರೆಯಲು ಹೆಂಡತಿ ಹೋದದ್ದು ನಿಮ್ಮ ಕಡೆಯೂ ಇಲ್ಲ, ನಮ್ಮ ಕಡೆಯೂ ಇಲ್ಲ. ನಾನು ಬರುತ್ತಿದ್ದೇನೆ. ನಾಡಿದ್ದು ಭಾನುವಾರ ಹತ್ತು ಗಂಟೆಗೆ ಬಾಗಿಲಿಗೆ ವ್ಯಾನು ನಿಲ್ಲುತ್ತದೆ. ರೂಢಿಯ ಪ್ರಕಾರ ನೀರು ಕೊಡಿ. ಎರಡು ಸಲ ಒಲ್ಲೆ ಅನ್ನಬೇಕೆನಿಸಿದರೆ ಅನ್ನಿ, ಆದರೆ ಬೇಗ ಬೇಗ ಅನ್ನಿ, ಮುದಗಲ್ಲಿಗೆ ಊಟದ ಹೊತ್ತಿಗೆ ಮುಟ್ಟಬೇಕು. ಕಟಿಂಗ್ ಅಂಗಡಿಯಲ್ಲಿ ಕೇಳಿ ಬರುತ್ತೇನೆ ಎಂದರೆ ಮಾತ್ರ ಗಾಡಿ ತಿರುಗಿಸಿಬಿಡುತ್ತೇನೆ.

ಮೇಲೆ ಹೊಡೆದುಹಾಕಿದ ಮಾತನ್ನು ಇದ್ದ ಹಾಗೆಯೇ ಓದಿಕೊಳ್ಳಿ.

ಹತ್ತು ತಿಂಗಳಿಂದಲೂ ನಿಮ್ಮವಳೇ ಆದ,
ಪಂಪಾವತಿ

ತಾ.ಕ.: ನಾನೇ ಧೈರ್ಯ ಮಾಡಿದೆ ಎಂಬ ಹಾಗೆ ಇಷ್ಟೆಲ್ಲ ಬರೆದೆ, ಒಂದು ಸಂಗತಿ ಮುಚ್ಚಿಟ್ಟು. ನಿಮ್ಮ ಅವ್ವ ಬಳಗಾನೂರಿನ ತಂಗಿಯ ಮನೆಗೆ ಹೋಗಿದ್ದಾರೆ ಎಂದು ನೀವು ತಿಳಿದಿದ್ದೀರಿ. ಅವರು ನಿನ್ನೆ ಸಂಜೆಯಿಂದ ಇಲ್ಲಿದ್ದಾರೆ. ಬಾಗಿಲಲ್ಲಿ ಅವರನ್ನು ಕಂಡದ್ದೇ, ಅಂತೂ ಕರೆಯಲು ಬಂದರು ಎಂದು ನಾನು ನೀರು ಕೊಟ್ಟು, ಸೆರಗು ಸರಿ ಮಾಡಿಕೊಂಡು, ಮುಖ ಬಿಗಿದು ಕೂತೆ. ಹತ್ತು ತಿಂಗಳಿಂದ ಕೂಡಿಟ್ಟ ಮಾತುಗಳಿದ್ದವು. ಅತ್ತೆ ಗಿರಿಯಮ್ಮ ನೀರು ಕುಡಿದು, ಗಂಟನ್ನು ಮೂಲೆಗಿಟ್ಟು, ಕಾಲು ಚಾಚಿ ಹೇಳಿದ್ದು ಇಷ್ಟು: ‘ನಾ ನಿನ್ನ ಕರಿಯಾಕ ಬಂದಿಲ್ಲವ್ವ. ನಾನೂ ಮನಿ ಬಿಟ್ಟು ಬಂದೀನಿ. ಈಗ ಅಲ್ಲಿ ಉಳದಾಂವ ಅವನೊಬ್ಬನ. ಅವನ್ನೊಬ್ಬನ್ನ ಕರಕೊಂಬಂದ್ರ ಎಲ್ಲಾರೂ ಬಂದಂಗಾತು.’