ಎಲ್ಲರಿಗೂ ಹೊಟ್ಟೆನೋವು

ಮಾರ್ಚ್ 4, ಮಂಗಳವಾರ

ಇವತ್ತು ಡಾಕ್ಟರ ಲಿಸ್ಟಿನಲ್ಲಿ ಇಪ್ಪತ್ತೆರಡು ಹೆಸರು. ಹದಿನೇಳು ಜನಕ್ಕೆ ಹೊಟ್ಟೆನೋವು. ಉಳಿದವರಿಗೆ ಕೆಮ್ಮು, ಹಲ್ಲು, ಕಜ್ಜಿ. ಕಾಯಿಲೆ ಅನ್ನೋ ಕಾಲಮ್ಮಿನಲ್ಲಿ ಅದನ್ನೇ ಬರೆದೂ ಬರೆದೂ ನನ್ನ ಕೈಗೇ ಬೇಜಾರು.

ಡಾಕ್ಟರು ವಾರಕ್ಕೊಂದು ಸಲ, ಒಂದು ಗಂಟೆ. ಜೈಲಿನ ವರಾಂಡದಲ್ಲಿ ಟೇಬಲ್ಲು, ಎದುರಿಗೇ ಗೇಟು, ಗೇಟಿನಲ್ಲಿ ಮೂರು ಜನ ಗಂಡಸು ಗಾರ್ಡುಗಳು. ಕಾಂಪೌಂಡರ್ ಹರಾಜು ಕೂಗುವವನ ಹಾಗೆ ಹೆಸರು, ಕಾಯಿಲೆ ಎರಡನ್ನೂ ಕೂಗ್ತಾನೆ. ಹೋದ ವರ್ಷ, ಕೈದಿಗಳಲ್ಲಿ ಅಕ್ಷರ ಚೆನ್ನಾಗಿರೋದು ನನ್ನದು ಅಂತ ರೈಟರ್ ಕೆಲಸ ಕೊಟ್ಟ ಹೊಸದರಲ್ಲಿ, ಒಂದು ಹುಡುಗಿಗೆ ಬಿಳಿ ಹೋಗುತ್ತೆ ಅಂತ ಇದ್ದದ್ದನ್ನ ಇದ್ದ ಹಾಗೇ ಬರೆದಿದ್ದೆ. ಕೂಗಿದ. ಗೇಟಿನವರು ಹಲ್ಲು ಕಿರಿದರು. ಅವಳು ಒಂದು ತಿಂಗಳು ಅಂಗಳಕ್ಕೇ ಇಳಿಯಲಿಲ್ಲ. ಅವತ್ತಿಂದ ಎಲ್ಲರದ್ದೂ ಒಂದೇ ರಾಗ — ರೈಟರಮ್ಮ, ಹೊಟ್ಟೆನೋವು ಅಂತ ಹಾಕು. ಹಾಕ್ತೀನಿ. ನನಗೇನು.

ಪಕ್ಕದ ಚಾಪೆಯ ಮೆಷಿನ್ ಅಕ್ಕನಿಗೂ ಅದೇ. ಹೊಲಿಗೆ ಶೆಡ್ಡಿನಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ, ಅದಕ್ಕೇ ಆ ಹೆಸರು. ಗುಲಾಬಿ ಮಾತ್ರೆ ಕೊಟ್ಟರು. ತಂದು ಮೂಲೆ ಚಾಪೆಯ ಅಜ್ಜಿಯ ಕೈಗೆ ಹಾಕಿದಳು. ಯಾಕೆ ಅಂತ ಕೇಳಿದರೆ, ಅಜ್ಜಿಗೆ ನಿಜವಾಗ್ಲೂ ಹೊಟ್ಟೆನೋವು ಕಣೇ ಅಂದಳು. ನಕ್ಕುಬಿಟ್ಟೆ.

ಮಾರ್ಚ್ 7, ಬೆಳಿಗ್ಗೆ

ನೀರು ಆರರಿಂದ ಆರೂಮುಕ್ಕಾಲು. ಮೂವತ್ತು ಜನಕ್ಕೆ ಅಂತ ಕಟ್ಟಿದ ಬ್ಯಾರಕ್ಕಿನಲ್ಲಿ ಐವತ್ತೆಂಟು ಜನ. ನಲ್ಲಿ ಮೂರು. ಒಬ್ಬಳ ಸೋಪು ಇನ್ನೊಬ್ಬಳ ಕಣ್ಣಿಗೆ. ರಾತ್ರಿ ಒಬ್ಬಳು ಮಗ್ಗುಲಾದರೆ ಸಾಲಿಗೆ ಸಾಲೇ ಮಗ್ಗುಲಾಗಬೇಕು. ತಿಂಗಳಿಗೆ ಆರು ಪ್ಯಾಡು, ಆಮೇಲೆ ಹರಿದ ಚಾದರದ ಬಟ್ಟೆ. ಅದನ್ನ ಒಣಗಿಸೋಕೆ ಜಾಗ ಚಾಪೆ ಕೆಳಗೇ. ಬ್ಯಾರಕ್ಕಿಗೆ ಬ್ಯಾರಕ್ಕೇ ಮುಗ್ಗಲು ವಾಸನೆ.

ಅಕ್ಕ ಬ್ಲೌಸ್ ಹಾಕ್ಕೊಂಡೇ ಮೈ ತೊಳೀತಾಳೆ. ಇವತ್ತು ಒದ್ದೆ ಬ್ಲೌಸಿನ ಮೇಲೆ ಕಂದು ಕಲೆ. ಬೆವರು ಅಂದಳು. ಮೈಮೇಲೆ ಕಂದು ಬೆವರು ಬರೋದನ್ನ ನಾನಂತೂ ಕಂಡಿಲ್ಲ. ಒಣಹಾಕಿದ್ದ ಚಾದರದ ಹಿಂದೆ ಎಳೆದುಕೊಂಡು ಹೋದೆ. ಬಿಡೇ, ಬಿಡೇ ಅಂದಳು, ಆಮೇಲೆ ಅವಳೇ ಗುಂಡಿ ಬಿಚ್ಚಿದಳು.

ಎಡಗಡೆ. ನಿಂಬೆಹಣ್ಣಿನಷ್ಟು ಗಂಟು. ಮುಟ್ಟಿದರೆ ಕಲ್ಲು. ಚರ್ಮ ಸುರುಟಿದೆ, ತೊಟ್ಟು ಒಳಗೆ ಎಳಕೊಂಡಿದೆ, ರಕ್ತ ಒಸರ್ತಿದೆ. ಎಷ್ಟು ದಿನದಿಂದ ಅಂದೆ. ಎಂಟು ತಿಂಗಳು.

ಎಂಟು ತಿಂಗಳು ನನ್ನ ಕೈಯಾರೆ ಹೊಟ್ಟೆನೋವು ಅಂತ ಬರೆದಿದ್ದೀನಿ.

ಮಾರ್ಚ್ 9

ಕೂತಲ್ಲಿ ಕೂರೋಕಾಗ್ತಿಲ್ಲ. ಎದ್ದರೆ ಓಡಾಡೋಕೆ ಜಾಗ ಇಲ್ಲ. ಅಕ್ಕನಿಗೆ ಬೆಳಿಗ್ಗೆಯಿಂದ ಒಂದೇ ಸಮ ಹೇಳಿದೆ — ನಿಜ ಬರೀತೀನಿ, ಮಂಗಳವಾರ ಡಾಕ್ಟರಿಗೆ ತೋರಿಸು. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗೇಟಿನ ದಪ್ಪ ಗಾರ್ಡು ಅವಳ ಮಗಳ ಗಂಡನ ಕಡೆಯವನಂತೆ. ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಬೀಗರ ಮನೆಗೆ ಸುದ್ದಿ. ತಾಯಿ ಜೈಲಲ್ಲಿದ್ದಾಳೆ ಅನ್ನೋದೇ ಆ ಹುಡುಗಿಗೆ ಸಾಕಾಗಿದೆ, ಈಗ ತಾಯಿ ಎದೆ ವಿಷಯ ಬೇರೆ ಊರಿಗೆಲ್ಲ ಹಂಚಬೇಕಾ ಅಂದಳು.  ಸಿಟ್ಟು ಬಂತು.

ಮಾರ್ಚ್ 11, ಮಂಗಳವಾರ

ಲಿಸ್ಟ್ ಕೊಡುವಾಗ ಅಕ್ಕನ ಗಂಟಿನ ವಿಷಯ ಡಾಕ್ಟರ ಕಿವಿಗೆ ಪಿಸುಗುಟ್ಟಿದೆ. ಫೈಲು ತೆಗೆದರು. ಪುಟ ತಿರುವಿದರು. ನನ್ನ ದುಂಡು ಅಕ್ಷರ, ಸ್ಕೂಲಿನಲ್ಲಿ ಬಹುಮಾನ ಬಂದ ಅಕ್ಷರ. ಡಾಕ್ಟರು ಕೆಟ್ಟ ಮನುಷ್ಯ ಅಲ್ಲ. ಸುಸ್ತಾದ ಮನುಷ್ಯ. ನರ್ಸಿಲ್ಲದೆ ಹೆಂಗಸರ ಮೈ ಮುಟ್ಟೋ ಹಾಗಿಲ್ಲ, ನರ್ಸ್ ಕೆಲಸ ಎರಡು ವರ್ಷದಿಂದ ಖಾಲಿ, ದೊಡ್ಡಾಸ್ಪತ್ರೆಗೆ ಬರೆದುಕೊಡಬಹುದು, ಆದರೆ ರಿಜಿಸ್ಟರಿನಲ್ಲಿ ಇರೋ ಕಾಯಿಲೆಗೆ ಮಾತ್ರ ಅಂದರು.

"ನೀನು ಹೊಟ್ಟೆನೋವು ಅಂತ ಬರೆದೆ, ನಾನು ಹೊಟ್ಟೆಗೆ ಕೊಟ್ಟೆ. ಇನ್ನೇನು ಮಾಡ್ಲಮ್ಮ?"



ಮಾರ್ಚ್ 18, ಮಂಗಳವಾರ

ಬರೆದೆ. ಅವಳನ್ನ ಕೇಳಲಿಲ್ಲ. ಎಡ ಎದೆಯಲ್ಲಿ ಗಂಟು, ಎಂಟು ತಿಂಗಳು, ರಕ್ತ.

ಕಾಂಪೌಂಡರ್ ಕೂಗಿದ. ಕೂಗ್ತಾ ಅವನ ದನಿಯೇ ಅರ್ಧಕ್ಕೆ ಇಳೀತು. ದಪ್ಪ ಗಾರ್ಡು ತಿರುಗಿ ನೋಡಿದ. ಅಕ್ಕ ಸಾಲಿನಿಂದ ಎದ್ದು ಬಂದಳು, ಸೆರಗು ಎರಡು ಸುತ್ತು ಸುತ್ತಿಕೊಂಡು. ನನ್ನ ಕಡೆ ಕಣ್ಣೆತ್ತಲಿಲ್ಲ. ಡಾಕ್ಟರು ಚೀಟಿ ಬರೆದರು, ತುರ್ತು ಅಂತ ಅಡಿಗೆರೆ ಎಳೆದರು. ಗೇಟಿನಲ್ಲಿ ಯಾರೋ ಕಿಸಕ್ಕಂದ. ಸಾಲಿನಲ್ಲಿದ್ದ ಅಜ್ಜಿ ಎದ್ದು ನಿಂತು ಕಾಂಪೌಂಡರನಿಗೆ, ಮೆಲ್ಲಗೆ ಓದಪ್ಪ, ನಿನ್ನ ಹೆತ್ತವಳ ಚೀಟಿ ಓದ್ತಿದೀನಿ ಅಂದ್ಕೊಂಡು ಓದು ಅಂದಳು. ಆಮೇಲಿನ ಹೆಸರುಗಳನ್ನ ಅವನು ಬಾಯೊಳಗೇ ಓದಿದ.

ಅಕ್ಕ ಚಾಪೆ ಎತ್ತಿಕೊಂಡು ಆ ಕಡೆ ಗೋಡೆಗೆ ಹೋದಳು. ಹೋಗಲಿ. ಬೈಯಲಿ. ಬದುಕಿಕೊಂಡರೆ ಸಾಕು.

ಮಾರ್ಚ್ 20

ಆಸ್ಪತ್ರೆಗೆ ಕರಕೊಂಡು ಹೋಗೋಕೆ ಎಸ್ಕಾರ್ಟ್ ಇಲ್ಲ. ಇಬ್ಬರು ಹೆಣ್ಣು ಪೊಲೀಸ್ ಬೇಕಂತೆ. ಒಬ್ಬರೇ ಇರೋದು.

ಮಾರ್ಚ್ 24

ಇಬ್ಬರೂ ಬಂದರು. ವ್ಯಾನು ಕೋರ್ಟಿಗೆ ಹೋಗಿತ್ತು.

ಮಾರ್ಚ್ 31

ವ್ಯಾನು ಬಂತು. ಪೊಲೀಸರು ಯಾರದ್ದೋ ಬಂದೋಬಸ್ತಿಗೆ. ಮೈಯೆಲ್ಲ ಪರಚಿಕೊಳ್ಳೋ ಹಾಗಾಗ್ತಿದೆ. ವಾರ್ಡರ್ ಮೇಡಂ ಹತ್ತಿರ ಜೋರು ಮಾಡಿದೆ. ನಿನ್ನ ಕೆಲಸ ಬರಿಯೋದು, ಬರಿ ಅಂದರು.

ಏಪ್ರಿಲ್ 10, ಸಂಜೆ

ಕೊನೆಗೂ ಕರಕೊಂಡು ಹೋದರು. ಐದೂವರೆಗೆ ವಾಪಸ್. ಅಕ್ಕ ಸೀದಾ ಬಂದು ನನ್ನ ಚಾಪೆ ಮೇಲೆ ಕೂತಳು. ಇಪ್ಪತ್ತಮೂರು ದಿನದ ಮೇಲೆ ಮಾತು.

"ಪರದೆ ಇತ್ತು ಕಣೇ. ಆ ಡಾಕ್ಟರಮ್ಮ ಪರದೆ ಎಳೆದು, ಕೈ ಬೆಚ್ಚಗೆ ಮಾಡ್ಕೊಂಡು ಮುಟ್ಟಿದ್ರು."

ಅದನ್ನೇ ಮೂರು ಸಲ ಹೇಳಿದಳು. ಉಳಿದದ್ದನ್ನ ಬಿಡಿಸಿ ಬಿಡಿಸಿ ಕೇಳಬೇಕಾಯ್ತು. ರೋಗ ಕಂಕುಳಿಗೂ ಹೋಗಿದೆಯಂತೆ. ಆರು ತಿಂಗಳ ಹಿಂದೆ ಬಂದಿದ್ದರೆ ಗಂಟು ಮಾತ್ರ ತೆಗೀತಿದ್ರಂತೆ. ಯಾಕಮ್ಮ ಸುಮ್ಮನಿದ್ದೆ ಅಂತ ಡಾಕ್ಟರಮ್ಮ ಕೇಳಿದರಂತೆ. ಏನಂದೆ ಅಂದೆ. ಏನನ್ನಲಿ, ಸುಮ್ಮನೆ ಅತ್ತೆ ಅಂದಳು. ನಾನೂ ಅತ್ತೆ. ಕ್ಷಮಿಸು ಅಂದೆ. ಸಾಕು ಸುಮ್ನಿರೇ, ಹಾಕು ಅಂದವಳು ನಾನೇ ತಾನೇ ಅಂದಳು. ಅದಕ್ಕೆ ಇನ್ನೂ ಜಾಸ್ತಿ ಅಳು ಬಂತು.

ಏಪ್ರಿಲ್ 16

ಅಕ್ಕನನ್ನ ದೊಡ್ಡಾಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡರು. ಅವಳ ಜಾಗಕ್ಕೆ ಮಧ್ಯಾಹ್ನವೇ ಹೊಸಬಳನ್ನ ತಂದು ಮಲಗಿಸಿದರು. ಏಳು ತಿಂಗಳ ಬಸುರಿ. ಕಾಲು ಊದಿದೆ. ಮಂಗಳವಾರಕ್ಕೆ ಏನು ಬರೀಲಿ ಅಂದೆ. ಎಲ್ಲರೂ ಏನು ಬರೆಸ್ತಾರೆ ಅಂತ ಕೇಳಿತು ಹುಡುಗಿ.

ಏಪ್ರಿಲ್ 29

ಅಕ್ಕನ ಆಪರೇಷನ್ ಆಗಿದೆ. ಇನ್ನು ತಿಂಗಳುಗಟ್ಟಲೆ ಇಂಜೆಕ್ಷನ್. ಚಿಕಿತ್ಸೆ ಮುಗಿಯೋವರೆಗೆ ಮಗಳ ಮನೆಗೆ ಬಿಡಿ ಅಂತ ವಕೀಲರು ಅರ್ಜಿ ಹಾಕಿದ್ದಾರೆ. ಬೀಗರು ಹೂಂ ಅಂದರಂತೆ! ಇಷ್ಟು ತಡ ಯಾಕಾಯ್ತು ಅಂತ ಕೋರ್ಟು ಜೈಲನ್ನ ಕೇಳಿದೆ.

ಆಫೀಸಿಗೆ ಕರೆದರು. ಹೇಳಿಕೆ ಟೈಪಾಗಿಯೇ ಇತ್ತು. ಕೈದಿ ತನ್ನ ಕಾಯಿಲೆಯನ್ನು ತಾನೇ ಮುಚ್ಚಿಟ್ಟಿದ್ದಳು, ರಿಜಿಸ್ಟರಿನಂತೆ ಪ್ರತಿವಾರ ಔಷಧಿ ಕೊಡಲಾಗಿದೆ, ಇಲ್ಲಿನ ವ್ಯವಸ್ಥೆ ಸಾಕಷ್ಟಿದೆ. ರೈಟರ್ ಅಂತ ನನ್ನ ಸಹಿ ಬೇಕು. ಹಾಕಿದರೆ ಆಗಸ್ಟಿಗೆ ನಾನು ಮನೆಗೆ. ಹಾಕದಿದ್ದರೆ ಸುಳ್ಳು ಬರೆದ ತಪ್ಪು ನನ್ನದು, ಒಳ್ಳೆ ನಡತೆಗೆ ಅಂತ ಶಿಕ್ಷೆಯಲ್ಲಿ ಕಡಿಮೆಯಾದ ದಿನಗಳೆಲ್ಲ ವಾಪಸ್, ಇನ್ನೊಂದು ವರ್ಷ. ಸೂಪರಿಂಟೆಂಡೆಂಟರು ಟೀ ಕೊಡಿಸಿದರು. ಕುಡಿದೆ. ನಾಚಿಕೆಗೆಟ್ಟವಳು ನಾನು, ಚೆನ್ನಾಗಿತ್ತು.

ನಾಳೆ ನಾಲ್ಕು ಗಂಟೆಯೊಳಗೆ ಹೇಳ್ತೀನಿ ಅಂದೆ.

ಏಪ್ರಿಲ್ 30, ಮಧ್ಯಾಹ್ನ 3:10

ಸಹಿ ಹಾಕಿದರೆ ಅರ್ಜಿ ಬಿದ್ದುಹೋಗುತ್ತೆ, ಅಕ್ಕ ಇಂಜೆಕ್ಷನ್ ಮೈಯಲ್ಲಿ ಇದೇ ನೆಲಕ್ಕೆ ಬರ್ತಾಳೆ, ಇದೇ ಮೂರು ನಲ್ಲಿಗೆ. ಬೆಳಿಗ್ಗೆಯಿಂದ ಆಗಸ್ಟು, ಆಗಸ್ಟು ಅಂತ ತಲೆ ಚಿಟ್ಟು ಹಿಡಿದಿದೆ. ಅಮ್ಮನಿಗೆ ಎಪ್ಪತ್ತೊಂದು. ಇನ್ನೊಂದು ವರ್ಷ ಕಾಯ್ತಾಳೋ ಇಲ್ಲವೋ.

ಟೈಪ್ ಮಾಡಿದ ಹಾಳೆ ಸಹಿಯಿಲ್ಲದೆ ಹಾಗೇ ಇದೆ. ಬಿಳೀ ಹಾಳೆ ಇಸ್ಕೊಂಡು ಬಂದಿದ್ದೀನಿ. ನನ್ನ ಒಬ್ಬಳ ಮಾತು ನಂಬಲ್ಲ ಅಂತ ಬ್ಯಾರಕ್ಕಿನಲ್ಲಿ ಕೇಳಿದೆ, ಯಾರು ಯಾರು ನಿಜ ಬರೆಸ್ತೀರಿ ಅಂತ. ಕೋರ್ಟಿಗೆ ಹೋಗೋ ಹಾಳೆ, ಕೂಗಿದರೂ ಕೂಗಬಹುದು ಅಂತಲೂ ಹೇಳಿದೆ.  ಹೋದ ವರ್ಷ ಒಂದು ತಿಂಗಳು ಅಂಗಳಕ್ಕೆ ಇಳಿಯದಿದ್ದ ಆ ಹುಡುಗಿಯೇ ಮೊದಲು ಬಂದು ಮುಂದೆ ಕೂತಳು. ಅವಳ ಹಿಂದೆ ಇನ್ನೊಬ್ಬಳು. ಈಗ ಹತ್ತೊಂಬತ್ತು ಜನ. ಮೊದಲು ಈ ಡೈರಿಯಲ್ಲಿ ಕರಡು, ಆಮೇಲೆ ಹಾಳೆಗೆ.

ಆಕೆ ಮುಚ್ಚಿಡಲಿಲ್ಲ. ಹೊಟ್ಟೆನೋವು ಅಂತ ಬರೆದವಳು ನಾನು. ನಮ್ಮ ಕಾಯಿಲೆಯನ್ನು ಗೇಟಿನ ಮುಂದೆ ಕೂಗುತ್ತಾರೆ, ಅದಕ್ಕೇ ಎಲ್ಲರೂ ಹಾಗೆ ಬರೆಸಿದ್ದಾರೆ. ಈ ಕೆಳಗಿನವರಿಗೂ ಹೊಟ್ಟೆನೋವಿಲ್ಲ.

ಒಂದನೆಯವಳು, ಹದಿನಾಲ್ಕು ತಿಂಗಳಿಂದ ಬಿಳಿ ಸೆರಗು, ಜ್ವರ.

ಎರಡನೆಯವಳು, ಗರ್ಭಕೋಶ ಜಾರಿದೆ, ನಿಂತು ಕೆಲಸ ಮಾಡಲಾಗದು.

ಮೇಡಂ ಚಪ್ಪಲಿ ಸದ್ದು. ಇನ್ನೂ ನಾಲ್ಕಾಗಿಲ್ಲ… ಬೇಗ ಬೇಗ.

ಮೂರನೆಯವಳು,