ಕಂಬಳಿಗೆ ತೂತಿಲ್ಲ, ಮಗುವಿಗೆ ರಕ್ತವಿಲ್ಲ

ಮಾನ್ಯ ಆಸ್ಪತ್ರೆ ಉಗ್ರಾಣದ ಮುಖ್ಯಸ್ಥರೇ,

ನಿಮ್ಮ ಹೆರಿಗೆ ವಾರ್ಡಿನ ಕಂಬಳಿಗಳಲ್ಲಿ ಒಂದಕ್ಕೂ ತೂತಿಲ್ಲ. ಅಭಿನಂದನೆಗಳು. ಅದೇ ಕಂಬಳಿಯಲ್ಲಿ ಸುತ್ತಿಟ್ಟಿದ್ದ ನನ್ನ ತಂಗಿಯ ಮಗನ ರಕ್ತಕಣಗಳು ಮಾತ್ರ ಒಡೆದುಹೋದವು. ಮಗುವಿನ ಗ್ಲುಟಾಥಯೋನ್ ಬರಿದಾಗಿ ಹೀಗಾಯಿತು, ಕಂಬಳಿಗಳ ನಡುವಿನ ನ್ಯಾಫ್ತಲೀನ್ ನುಸಿಗುಳಿಗೆ ತೆಗೆಸಿ ಎಂದು ನಿಮಗೆ ಬರೆದೆ. ಉತ್ತರ ಬಂತು: "ಗ್ಲುಟಾಥಯೋನ್ ನಮ್ಮ ದಾಸ್ತಾನಿನಲ್ಲಿ ಇರುವುದಿಲ್ಲ. ಕೊರತೆಯಿದ್ದಲ್ಲಿ ಹೊರಗಿನಿಂದ ಖರೀದಿಸತಕ್ಕದ್ದು." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನೂ ಅದನ್ನು ಮೊಹರು ಒತ್ತಿ ಕಳಿಸಿರಲಾರ.

ಅದು ಕಪಾಟಿನ ಸಾಮಾನಲ್ಲ, ಸ್ವಾಮಿ. ಮೂರು ಅಮೈನೋ ಆಮ್ಲಗಳನ್ನು ಪೋಣಿಸಿ ನಮ್ಮ ಜೀವಕೋಶಗಳು ತಾವೇ ಮಾಡಿಕೊಳ್ಳುವ ವಸ್ತು. ಉಸಿರಾಡಿದ ಆಮ್ಲಜನಕದಿಂದಲೇ ಹುಟ್ಟಿ ಕೋಶವನ್ನು ಸುಡುವ ಕಿಡಿಗಳನ್ನು ಅದು ಆರಿಸುತ್ತದೆ; ಪಿತ್ತಜನಕಾಂಗದಲ್ಲಿ ವಿಷವನ್ನು ಹಿಡಿದು ಹೊರಗಟ್ಟಲೂ ನೆರವಾಗುತ್ತದೆ. ಕೆಲಸ ಮಾಡಿ ಸವೆದದ್ದನ್ನು ಮತ್ತೆ ಸಜ್ಜುಗೊಳಿಸಬೇಕು. ಕೆಂಪು ರಕ್ತಕಣಗಳಲ್ಲಿ ಇದಕ್ಕೆ ಬೇಕಾದ ಕಿಣ್ವ ನಮ್ಮ ಮನೆಯ ಕೆಲವು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಕಡಿಮೆ. ಅಂಥ ಕೂಸಿನ ಮೈಗೆ ನುಸಿಗುಳಿಗೆಯ ಆವಿ ಸೇರಿದರೆ ಕಣಗಳು ಒಡೆದು ಕಾಮಾಲೆ ಏರುತ್ತದೆ, ಮಿದುಳಿಗೂ ತಟ್ಟಬಹುದು. ಇದನ್ನೆಲ್ಲ ನನಗೆ ತಿಳಿಸಿದವರು ನಿಮ್ಮದೇ ಆಸ್ಪತ್ರೆಯ ಮಕ್ಕಳ ವೈದ್ಯೆ. ಅವರಿಗೂ ನಿಮಗೂ ನಡುವೆ ಒಂದೇ ಗೋಡೆ. ಬಹಳ ದಪ್ಪನೆಯ ಗೋಡೆಯಿರಬೇಕು.

ಕೂಸು ಹಳದಿಗೆ ತಿರುಗಿದಾಗ ನಮ್ಮಮ್ಮ, ಅಪ್ಪನ ಬಣ್ಣ ಬಂತು ಎಂದು ನಕ್ಕಿದ್ದರು. ಮೂತ್ರ ಕಪ್ಪಾದ ಮೇಲೆ ಯಾರೂ ನಗಲಿಲ್ಲ. ವೈದ್ಯೆ ರಕ್ತ ಬದಲಿಸಿ ಉಳಿಸಿಕೊಟ್ಟರು. ಮನೆಯಿಂದ ಒಗೆದ ಬಟ್ಟೆ ತಂದರೆ ವಾರ್ಡಿನ ಕಾವಲಿನವರು ಬಾಗಿಲಲ್ಲೇ ತಡೆದರು, ಸೋಂಕಂತೆ. ಗುಳಿಗೆ ಇಡದ ಕಂಬಳಿ ಕೊಡಿ ಎಂದು ಉಗ್ರಾಣದ ಗುಮಾಸ್ತರನ್ನು ಬೇಡಿದೆ.

"ನುಸಿ ಹೊಡೆದ್ರೆ ನಂಗೆ ಮೆಮೋ ಬರುತ್ತೆ ಅಣ್ಣಾ," ಎಂದರು. "ಮಗು ನನ್ನ ಲೆಕ್ಕದಲ್ಲಿಲ್ಲ."

ಅವರನ್ನೇಕೆ ಬೈಯಲಿ? ಮೆಮೋಗೆ ಸಹಿ ಹಾಕುವವರು ನೀವು.

ನಿಮ್ಮ ಅಪ್ಪಣೆಯಂತೆ ಹೊರಗೂ ವಿಚಾರಿಸಿದೆ. ಎದುರು ರಸ್ತೆಯ ಸೌಂದರ್ಯ ಕೇಂದ್ರದಲ್ಲಿ, ಬೆಳ್ಳಗಾಗಲೆಂದು ಗ್ಲುಟಾಥಯೋನ್ ಏರಿಸುತ್ತಾರಂತೆ. ಮಗುವಿಗೆ ಎಂದೆ. ಅಲ್ಲಿದ್ದ ಹೆಣ್ಣುಮಗಳು ಗಾಬರಿಯಾದಳು. ಹಳದಿಯಾಗಿತ್ತಮ್ಮ ಎಂದೆ.

"ಅಯ್ಯೋ, ಆಸ್ಪತ್ರೆಗೆ ತೋರಿಸ್ಬಾರ್ದಾಗಿತ್ತಾ ಸಾರ್?"

"ಆಸ್ಪತ್ರೆಯಲ್ಲೇ ಆಗಿದ್ದಮ್ಮ."

ಬರುವ ತಿಂಗಳು ನನ್ನ ಕಿರಿತಂಗಿಗೆ ನಿಮ್ಮಲ್ಲೇ ಹೆರಿಗೆ. ಊರಿಗೆ ಇರುವುದು ಒಂದೇ ಆಸ್ಪತ್ರೆ. ಅವಳಿಗೂ ಗಂಡುಮಗುವಾದರೆ? ಅಷ್ಟರೊಳಗೆ ಗುಳಿಗೆಗಳನ್ನು ತೆಗೆಸಿ, ಕಂಬಳಿಗಳನ್ನು ಒಗೆಸಿ, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿಸಿ. ಗುಮಾಸ್ತರಿಗೆ ಮೆಮೋ ಕೊಡುವುದಿಲ್ಲವೆಂದು ಬರೆದುಕೊಡಿ. ನುಸಿ ಹೊಡೆದರೆ ಕಂಬಳಿ ನನ್ನ ಅಂಗಡಿಗೆ ಕಳಿಸಿ, ಬಿಟ್ಟಿಯಾಗಿ ರಫು ಮಾಡಿಕೊಡುತ್ತೇನೆ. ತೂತು ಎಲ್ಲಿತ್ತೆಂದು ನಿಮಗೂ ಗೊತ್ತಾಗದು. ಒಡೆದ ರಕ್ತಕಣಕ್ಕೆ ರಫು ಹಾಕಲು ನನಗೆ ಬರುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿಲ್ಲದ ಮಗುವಿನ ಸೋದರಮಾವ,
ರಫು ಅಂಗಡಿಯವನು